ಸಣ್ಣ ಖುಷಿಗೆ ದುಡ್ಡು ಬೇಡ, ಹೊತ್ತು ಬೇಕು



ನಮ್ಮ ಗೋಡೆ ಪತ್ರಿಕೆಯ ಹಿಂದಿನ ಸಂಚಿಕೆಗೆ ‘ನನಗೆ ದಿನಾ ಖುಷಿ ಕೊಡುವುದು’ ಎಂಬ ವಿಷಯ ಕೊಟ್ಟಿದ್ದರು. ಎಲ್ಲರೂ ಚೀಟಿಯಲ್ಲಿ ಎರಡು ಸಾಲು ಬರೆದು ಡಬ್ಬಿಗೆ ಹಾಕಬೇಕು, ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವುದನ್ನು ಬರೆಯಬಾರದು ಅಂತ ಮೇಷ್ಟ್ರು ಷರತ್ತು ಹಾಕಿದ್ದರು. ಚೀಟಿಗಳನ್ನು ಬಿಡಿಸಿ, ದೊಡ್ಡ ಹಾಳೆಯ ಮೇಲೆ ದುಂಡಗೆ ಬರೆದು ಅಂಟಿಸುವ ಕೆಲಸ ನನ್ನ ಪಾಲಿಗೆ ಬಂತು. ಹಾಗಾಗಿ ಎಲ್ಲರ ಚೀಟಿಯನ್ನೂ ಓದುವ ಭಾಗ್ಯ ನನ್ನದಾಯಿತು. ಓದಿದ ಮೇಲೆ ತಲೆಯಲ್ಲಿ ಕುಳಿತ ಒಂದು ವಿಚಾರವನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಮೊದಲು ಒಂದು ಸಂತೋಷದ ಮಾತು. ನಮ್ಮ ಊರಿನಲ್ಲಿ ಏನೂ ಇಲ್ಲ, ಪಾರ್ಕಿಲ್ಲ, ಸಿನಿಮಾ ಮಂದಿರವಿಲ್ಲ, ಬೇಜಾರು ಅಂತ ನಾವೇ ದಿನಾ ಹೇಳುತ್ತೇವೆ. ಆದರೆ ಚೀಟಿಗಳನ್ನು ಓದಿದರೆ ಇಲ್ಲಿ ಎಷ್ಟೊಂದು ಇದೆ! ಹುಣಸೆಯ ಎಳೆ ಚಿಗುರನ್ನು ಉಪ್ಪು, ಮೆಣಸಿನಕಾಯಿ ಜೊತೆ ಜಜ್ಜಿ ಕಡ್ಡಿಗೆ ಸಿಕ್ಕಿಸಿ ಚೀಪುವುದು. ಬೇಸಿಗೆಯಲ್ಲಿ ಹೊಂಗೆ ಮರದ ಕೆಳಗೆ ಬಿದ್ದ ಹೂವಿನ ಮೇಲೆ ಬರಿಗಾಲಲ್ಲಿ ನಡೆಯುವುದು. ಆಗತಾನೇ ಕಿತ್ತ ಕಡಲೆಕಾಯಿಯನ್ನು ಗಿಡದ ಸಮೇತ ಸುಟ್ಟು, ಬೂದಿ ಊದಿ ತಿನ್ನುವುದು. ಬೆಳಗ್ಗೆ ಶಾಲೆಯಲ್ಲಿ ಲೋಟ ಸುಡುವಷ್ಟು ಬಿಸಿ ಹಾಲು ಹಿಡಿದು ಊದಿ ಊದಿ ಕುಡಿಯುವುದು. ಈ ಹಾಲು ಕ್ಷೀರಭಾಗ್ಯ ಯೋಜನೆಯಲ್ಲಿ 2013ರಲ್ಲಿ ಶುರುವಾಯಿತು. ನಮ್ಮ ಅಣ್ಣ ಅಕ್ಕಂದಿರೂ ಹೀಗೇ ಊದಿಕೊಂಡು ಕುಡಿದವರೇ.

ಮಾಗಿ ಕಾಲದ ಅವರೆಕಾಯಿಯ ಬಗ್ಗೆ ಬರೆದವರೂ ಇದ್ದರು. ಅವರೆ ಬಿಡಿಸಿದ ಕೈಯಲ್ಲಿ ಉಳಿಯುವ ಸೊಗಡನ್ನು ಮೂಸಿಕೊಂಡೇ ಮಲಗುತ್ತೇನೆ ಅಂತ ಒಬ್ಬಳು ಬರೆದಿದ್ದಳು. ಓದಿ ನಗು ಬಂತು, ಆದರೆ ನಿಜ. ಆ ಸೊಗಡು ಸೋಪು ಹಾಕಿ ತೊಳೆದರೂ ಬೇಗ ಹೋಗುವುದಿಲ್ಲ.

ಮೊದಲ ಮಳೆಗೆ ಬರುವ ಮಣ್ಣಿನ ವಾಸನೆಯನ್ನು ತುಂಬಾ ಜನ ಬರೆದಿದ್ದರು. ವಿಜ್ಞಾನದ ಮೇಷ್ಟ್ರನ್ನು ಕೇಳಿದ್ದಕ್ಕೆ ಅವರು ವಿವರಿಸಿದರು. ಮಣ್ಣಿನಲ್ಲಿರುವ ಕೆಲವು ಜಾತಿಯ ಬ್ಯಾಕ್ಟೀರಿಯಾಗಳು ಜಿಯೋಸ್ಮಿನ್ ಎಂಬ ವಸ್ತುವನ್ನು ಮಾಡುತ್ತವಂತೆ. ಒಣಗಿದ ನೆಲದ ಮೇಲೆ ಹನಿ ಬಿದ್ದಾಗ ಸಣ್ಣ ಸಣ್ಣ ಗುಳ್ಳೆಗಳು ಎದ್ದು ಒಡೆದು, ಆ ವಾಸನೆ ಗಾಳಿಗೆ ಸೇರುತ್ತದೆಯಂತೆ. ಈ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯಾದ ಇಸಬೆಲ್ ಬೇರ್ ಮತ್ತು ಥಾಮಸ್ ಎಂಬ ಇಬ್ಬರು ವಿಜ್ಞಾನಿಗಳು ಪೆಟ್ರಿಕೋರ್ ಅಂತ ಹೆಸರಿಟ್ಟರು. ಅವರು ಹೆಸರಿಡುವ ಮೊದಲೇ ನಮ್ಮ ದೇಶದ ಉತ್ತರ ಪ್ರದೇಶದ ಕನ್ನೌಜ್ ಪಟ್ಟಣದವರು ಮಣ್ಣಿನ ವಾಸನೆಯನ್ನೇ ಹಿಡಿದು ಅತ್ತರು ಮಾಡುತ್ತಿದ್ದರು. ಸುಟ್ಟ ಮಣ್ಣಿನ ಬಿಲ್ಲೆಗಳನ್ನು ತಾಮ್ರದ ಹಂಡೆಯಲ್ಲಿ ಹಾಕಿ ಕುದಿಸಿ, ಬರುವ ಆವಿಯನ್ನು ಗಂಧದೆಣ್ಣೆಗೆ ಇಳಿಸುತ್ತಾರೆ. ಅದಕ್ಕೆ ಮಿಟ್ಟಿ ಅತ್ತರ್ ಎಂದು ಹೆಸರು. ಪೇಟೆಯಲ್ಲಿ ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕು. ನಮಗೆ ಅದು ವರ್ಷಕ್ಕೊಮ್ಮೆ ಬಾಗಿಲಲ್ಲೇ ಪುಕ್ಕಟೆ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆ ನಮಗೇ ಹೇಳಿದ್ದಿರಬೇಕು.

ಇಲ್ಲಿಯವರೆಗೆ ಎಲ್ಲಾ ಚೆನ್ನಾಗಿದೆ. ಸಣ್ಣ ಸಣ್ಣ ಸಂಗತಿಯಲ್ಲಿ ಸಂತೋಷ ಕಾಣಿರಿ, ಅದಕ್ಕೆ ದುಡ್ಡು ಬೇಡ ಅಂತ ಬರೆದು ಮುಗಿಸಬಹುದಿತ್ತು. ಆದರೆ ಹುಡುಗರ ಚೀಟಿ ಒಂದು ಕಡೆ, ಹುಡುಗಿಯರ ಚೀಟಿ ಒಂದು ಕಡೆ ಜೋಡಿಸಿದಾಗ ನನಗೆ ಬೇರೆ ಒಂದು ಕಾಣಿಸಿತು.

ಹುಡುಗರ ಚೀಟಿಯಲ್ಲಿ ಇದ್ದದ್ದು ಹೆಚ್ಚಾಗಿ ಹೊರಗಿನ ಖುಷಿ. ಕೆರೆಯಲ್ಲಿ ಈಜುವುದು, ಮಾವಿನ ಮರ ಹತ್ತುವುದು, ಬುಗುರಿ, ಲಗೋರಿ, ಸಂಜೆ ಕತ್ತಲಾಗುವ ತನಕ ಕ್ರಿಕೆಟ್, ಸೈಕಲ್ಲಿನ ಕೈ ಬಿಟ್ಟು ಇಳಿಜಾರಿನಲ್ಲಿ ಹೋಗುವುದು. ಹುಡುಗಿಯರ ಚೀಟಿಯಲ್ಲಿ ಇದ್ದದ್ದು ಕೆಲಸದ ನಡುವೆ ಸಿಗುವ ಖುಷಿ. ಪಾತ್ರೆ ತೊಳೆಯುವಾಗ ಪಕ್ಕದ ಮನೆ ರೇಡಿಯೋದಲ್ಲಿ ಹಾಡು ಬರುವುದು. ನೀರು ತರುವ ದಾರಿಯಲ್ಲಿ ಗೆಳತಿ ಸಿಗುವುದು. ತಮ್ಮನನ್ನು ಮಲಗಿಸುವಾಗ ತಾನೂ ಸ್ವಲ್ಪ ಮಲಗುವುದು. ಹೂ ಕಟ್ಟುವುದು. ಹಲವರು ‘ಹೊತ್ತು ಸಿಕ್ಕರೆ’ ಎಂದು ಸೇರಿಸಿದ್ದರು. ಹೊತ್ತು ಸಿಕ್ಕರೆ ಚೌಕಾಬಾರ ಆಡುವುದು, ಹೊತ್ತು ಸಿಕ್ಕರೆ ಕಥೆ ಪುಸ್ತಕ ಓದುವುದು. ಹುಡುಗರ ಚೀಟಿಯಲ್ಲಿ ಆ ಎರಡು ಪದ ನನಗೆ ಸಿಕ್ಕಿದ್ದು ಬಹಳ ಕಮ್ಮಿ. ಒಂದು ಚೀಟಿಯಲ್ಲಂತೂ ‘ಅಂಥಾದ್ದೇನೂ ಇಲ್ಲ’ ಎಂದು ಮಾತ್ರ ಇತ್ತು. ಅಕ್ಷರ ನೋಡಿ ಯಾರದೆಂದು ಗೊತ್ತಾಯಿತು. ಅವಳು ನಮ್ಮೆಲ್ಲರಿಗಿಂತ ಚೆನ್ನಾಗಿ ನಗುವ ಹುಡುಗಿ. ಅದನ್ನು ಹಾಳೆಯ ಮೇಲೆ ಬರೆಯಲು ನನ್ನ ಕೈ ಬರಲಿಲ್ಲ, ಮೇಷ್ಟ್ರಿಗೇ ಕೊಟ್ಟೆ.

ಆದ್ದರಿಂದ ನನ್ನ ಅಭಿಪ್ರಾಯ ಇದು. ಸಣ್ಣ ಖುಷಿಗೆ ದುಡ್ಡು ಬೇಡ, ನಿಜ. ಆದರೆ ಹೊತ್ತು ಬೇಕು, ಜಾಗ ಬೇಕು. ಹೊತ್ತು ಇಲ್ಲದವರಿಗೆ ಹುಣಸೆ ಚಿಗುರು ಮರದ ಮೇಲೆ ಇದ್ದರೆಷ್ಟು ಬಿಟ್ಟರೆಷ್ಟು?

ಚೌಕಾಬಾರವನ್ನೇ ತೆಗೆದುಕೊಳ್ಳಿ. ಅದಕ್ಕೆ ಏನು ಬೇಕು? ನೆಲದ ಮೇಲೆ ಇದ್ದಿಲಿನಲ್ಲಿ ಗೀಚಿದ ಇಪ್ಪತ್ತೈದು ಮನೆ. ನಾಲ್ಕು ಕವಡೆ, ಅದೂ ಇಲ್ಲದಿದ್ದರೆ ಒಂದು ಮಗ್ಗುಲು ಬೆಳ್ಳಗೆ ಉಜ್ಜಿದ ನಾಲ್ಕು ಹುಣಸೆ ಬೀಜ. ಕಾಯಿಗೆ ಬಳೆ ಚೂರು, ಕಲ್ಲು, ಕಡ್ಡಿ ಏನಾದರೂ ಆದೀತು. ಖರ್ಚು ಸೊನ್ನೆ. ಆದರೆ ನಾಲ್ಕು ಜನ ಕೂತು ಒಂದು ಆಟ ಪೂರ್ತಿ ಮುಗಿಸಿ ಕಾಯಿ ಹಣ್ಣು ಮಾಡಬೇಕಾದರೆ ಸುಮಾರು ಹೊತ್ತು ಹಿಡಿಯುತ್ತದೆ. ನಾವು ಹುಡುಗಿಯರು ಶುರು ಮಾಡಿದ ಆಟಗಳಲ್ಲಿ ಮುಗಿದಿದ್ದಕ್ಕಿಂತ ಮುಗಿಯದೆ ಎದ್ದು ಹೋಗಿದ್ದೇ ಜಾಸ್ತಿ. ‘ಏ ಬಾರೇ, ಒಲೆ ಮೇಲೆ ಎಸರಿಟ್ಟಿದೀನಿ’ ಅಂತ ಒಬ್ಬಳಿಗೆ ಕೂಗು ಬಂದರೆ ಆಟ ಕೆಟ್ಟಿತು. ಯಾವತ್ತಾದರೂ ‘ಬಾರೋ, ಎಸರಿಟ್ಟಿದೀನಿ’ ಅಂತ ಯಾರ ಮನೆಯಿಂದಲಾದರೂ ಕೂಗು ಕೇಳಿದ್ದೀರಾ?

ಇದು ನಮ್ಮೂರಿನ ಮಾತು ಮಾತ್ರ ಅಂದುಕೊಳ್ಳಬೇಡಿ. ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ಕೇಂದ್ರ ಸರ್ಕಾರ 2019ರಲ್ಲಿ ದೇಶದ ಉದ್ದಗಲಕ್ಕೂ ಒಂದು ಸಮೀಕ್ಷೆ ಮಾಡಿಸಿತು. ನಮ್ಮ ಸಮಾಜ ಟೀಚರ್ ಅದರ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದು ತೋರಿಸಿದರು. ಸಂಬಳವಿಲ್ಲದ ಮನೆಗೆಲಸಕ್ಕೆ, ಅದನ್ನು ಮಾಡುವ ಹೆಂಗಸರು ಆಗ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಮಾಡುವ ಗಂಡಸರು ಕೊಡುತ್ತಿದ್ದುದು 97 ನಿಮಿಷ. ಅದರಲ್ಲೂ ಹೆಂಗಸರಲ್ಲಿ ನೂರಕ್ಕೆ 81 ಜನ ಈ ಕೆಲಸ ಮಾಡುತ್ತಿದ್ದರು, ಗಂಡಸರಲ್ಲಿ ನೂರಕ್ಕೆ 26 ಜನ ಮಾತ್ರ. ಈ ಲೆಕ್ಕದಲ್ಲಿ ಆರು ವರ್ಷ ಮತ್ತು ಮೇಲ್ಪಟ್ಟ ಎಲ್ಲರೂ ಇದ್ದಾರೆ. ಅಂದರೆ ನಮ್ಮಂಥ ಮಕ್ಕಳೂ ಅದರಲ್ಲಿ ಸೇರಿದ್ದಾರೆ.

ಕಳೆಯುವ ಲೆಕ್ಕ ಮಾಡೋಣ. 299ರಲ್ಲಿ 97 ಹೋದರೆ 202 ನಿಮಿಷ. ನಲವತ್ತು ನಿಮಿಷದ ಪೀರಿಯಡ್ ಎಂದು ಹಿಡಿದರೆ ಐದು ಪೀರಿಯಡ್ ಮೇಲೆ ಎರಡು ನಿಮಿಷ. ದಿನಾ! ಐದು ಪೀರಿಯಡ್ಡಿನಲ್ಲಿ ಎಷ್ಟು ಚೌಕಾಬಾರ ಆಡಬಹುದು, ಎಷ್ಟು ಕಥೆ ಓದಬಹುದು, ಸುಮ್ಮನೆ ಎಷ್ಟು ಹೊತ್ತು ಹೊಂಗೆ ಮರದ ಕೆಳಗೆ ಕೂರಬಹುದು, ನೀವೇ ಯೋಚಿಸಿ.

ಟೀಚರ್ ಇನ್ನೊಂದು ವಿಷಯ ಹೇಳಿದರು, ಅದು ನನಗೆ ಬಹಳ ಹಿಡಿಸಿತು. 1989ರಲ್ಲಿ ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆ ಮಾಡಿತು. ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿತು. ಅದರ 31ನೇ ವಿಧಿಯ ಪ್ರಕಾರ ವಿಶ್ರಾಂತಿ, ಬಿಡುವು ಮತ್ತು ಆಟ ಎಲ್ಲಾ ಮಕ್ಕಳ ಹಕ್ಕು. ಎಲ್ಲಾ ಮಕ್ಕಳ ಅಂದರೆ ಹುಡುಗಿಯರದ್ದೂ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಹೇಳುತ್ತಿದ್ದೇನೆ.

ಕೆಲವರು ಅನ್ನಬಹುದು, ಹಿಂದಿನ ಹೆಂಗಸರು ಕೆಲಸದಲ್ಲೇ ಸಂತೋಷ ಕಾಣಲಿಲ್ಲವಾ, ಬೀಸುವಾಗ ಕುಟ್ಟುವಾಗ ಹಾಡಲಿಲ್ಲವಾ ಅಂತ. ಹಾಡಿದರು. ನಮ್ಮ ಅಜ್ಜಿಗೆ ಈಗಲೂ ಬೀಸುವ ಪದ ಬರುತ್ತವೆ. ಕೋಳಿ ಕೂಗುವ ಮುಂಚೆ ಎದ್ದು, ಇಬ್ಬರು ಎದುರುಬದುರು ಕೂತು, ರಾಗಿ ಬೀಸುತ್ತಾ ಹಾಡುತ್ತಿದ್ದರಂತೆ. ಅಂಥ ಪದಗಳನ್ನು ಸಂಗ್ರಹಿಸಿ ದೊಡ್ಡ ವಿದ್ವಾಂಸರು ಪುಸ್ತಕ ಮಾಡಿದ್ದಾರೆ. ನಮಗೆಲ್ಲಾ ಅದರ ಬಗ್ಗೆ ಹೆಮ್ಮೆ ಇದೆ. ಆದರೆ ನಾನು ಅಜ್ಜಿಯನ್ನು ‘ಬೀಸೋದು ನಿಂಗೆ ಇಷ್ಟ ಇತ್ತಾ?’ ಅಂತ ಕೇಳಿದೆ. ‘ಹಾಡು ಇಷ್ಟ ಇತ್ತು ಕಣೇ. ಕಲ್ಲು ಯಾರಿಗೆ ಇಷ್ಟ?’ ಅಂದಳು. ಊರಿಗೆ ಹಿಟ್ಟಿನ ಗಿರಣಿ ಬಂದ ದಿನ ತನಗೆ ಜಾತ್ರೆಯಷ್ಟು ಖುಷಿಯಾಯಿತು ಅಂತಲೂ ಹೇಳಿದಳು. ಅವರು ಕೆಲಸದ ಒಳಗೇ ಖುಷಿ ಹುಡುಕಿದ್ದು ಹೊರಗೆ ಹೊತ್ತು ಇರಲಿಲ್ಲ ಅಂತ. ಅದು ಅವರ ಜಾಣತನ. ಅದನ್ನೇ ತೋರಿಸಿ ‘ನೋಡಿ, ಅವರಿಗೆ ಬಿಡುವೇ ಬೇಕಿರಲಿಲ್ಲ’ ಎನ್ನುವುದು ಸರಿಯಲ್ಲ.

ಅಜ್ಜಿಯದೇ ಇನ್ನೊಂದು ಉದಾಹರಣೆ. ಅವಳಿಗೆ ಬಸ್ಸಿನ ಕಿಟಕಿ ಪಕ್ಕ ಕೂತು ಹೊಲ ಗದ್ದೆ ನೋಡಿಕೊಂಡು ಹೋಗುವುದೆಂದರೆ ಪ್ರಾಣ. ಇದು ಎಷ್ಟು ಸಣ್ಣ ಆಸೆ! ಆದರೆ ಟಿಕೆಟ್ಟಿನ ದುಡ್ಡನ್ನು ಮಗನ ಹತ್ತಿರ ಕೇಳಬೇಕಲ್ಲ ಎಂದು ವರ್ಷಗಟ್ಟಲೆ ಸುಮ್ಮನಿದ್ದಳು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲೆ ತಂಗಿಯ ಊರಿಗೆ ಹೋಗಿ ಬಂದಳು. ತಂಗಿಯ ಮನೆಗಿಂತ ದಾರಿಯ ಬಗ್ಗೆಯೇ ನಮಗೆ ಎರಡು ದಿನ ಹೇಳಿದಳು. ಆಸೆ ಸಣ್ಣದಿದ್ದರೂ ಅದಕ್ಕೊಂದು ದಾರಿ ಬೇಕು. ದಾರಿ ಆದರೆ ಖುಷಿ ತಾನಾಗಿ ಬರುತ್ತದೆ.

ಅವ್ವನನ್ನೂ ಕೇಳಿದೆ. ‘ಅವ್ವ, ನಿಂಗೆ ದಿನಾ ಖುಷಿ ಕೊಡೋದು ಏನು?’ ಅವ್ವ ನಕ್ಕು, ‘ನೀವು ಹೊಟ್ಟೆ ತುಂಬಾ ಉಂಡ್ರೆ ಅದೇ’ ಅಂದಳು. ನಾನು ಬಿಡಲಿಲ್ಲ, ‘ನಮ್ಮ ವಿಷಯ ಬಿಡು, ನಿನ್ನದು ಹೇಳು’ ಅಂದೆ. ಉತ್ತರ ಬರಲಿಲ್ಲ. ಮಾರನೇ ದಿನ ಸಂಜೆ ಸೊಪ್ಪು ಸೋಸುತ್ತಾ ತಾನಾಗೇ ಹೇಳಿದಳು: ‘ಕಾಫಿ ಬಿಸಿ ಇರೋವಾಗ್ಲೇ ಕೂತ್ಕೊಂಡು ಕುಡಿಯೋದು.’ ನಮ್ಮ ಮನೆಯಲ್ಲಿ ಎಲ್ಲರಿಗೂ ಕಾಫಿ ಕೊಡುವವಳು ಅವಳೇ. ಎಲ್ಲರಿಗೂ ಕೊಟ್ಟು, ಹಸುವಿಗೆ ಹುಲ್ಲು ಹಾಕಿ ಬರುವಷ್ಟರಲ್ಲಿ ಅವಳ ಲೋಟ ಆರಿರುತ್ತದೆ. ಇದಕ್ಕಿಂತ ಅಗ್ಗದ ಆಸೆ ಈ ಪ್ರಪಂಚದಲ್ಲಿ ಉಂಟಾ?

ಹುಡುಗರ ಮೇಲೆ ದೂರು ಹೇಳುವುದಕ್ಕೆ ಇದನ್ನು ಬರೆದಿಲ್ಲ. ನಮ್ಮ ತರಗತಿಯಲ್ಲೇ ಬೆಳಗ್ಗೆ ಐದೂವರೆಗೆ ಎದ್ದು ಡೈರಿಗೆ ಹಾಲು ಹಾಕಿ, ದನಕ್ಕೆ ನೀರು ತೋರಿಸಿ ಶಾಲೆಗೆ ಬರುವ ಹುಡುಗರಿದ್ದಾರೆ. ರಜೆಯಲ್ಲಿ ಕೂಲಿಗೆ ಹೋಗುವವರೂ ಇದ್ದಾರೆ. ಅವರಿಗೂ ಬಿಡುವು ಕಮ್ಮಿಯೇ. ನನ್ನ ಮಾತು ಅವರ ಪರವಾಗಿಯೂ ಹೌದು. ಆದರೆ ಒಂದೇ ಮನೆಯಲ್ಲಿ ಅಣ್ಣ ಕ್ರಿಕೆಟ್ ಆಡಿ ಬಂದು ತಟ್ಟೆ ಮುಂದೆ ಕೂರುವಾಗ, ತಂಗಿ ನೀರು ಹೊತ್ತು, ಕಸ ಗುಡಿಸಿ, ಪಾತ್ರೆ ತೊಳೆದು ಹೋಂವರ್ಕಿಗೆ ಕೂರುತ್ತಾಳಲ್ಲ, ಅದನ್ನು ಮಾತ್ರ ನೋಡಿಕೊಂಡು ಸುಮ್ಮನಿರಬಾರದು ಅನ್ನುತ್ತೇನೆ. ‘ಹೆಣ್ಣುಮಕ್ಕಳು ಕೆಲಸ ಕಲೀಬೇಕು’ ಎಂದು ಹಿರಿಯರು ಹೇಳುತ್ತಾರೆ. ಕಲಿಯೋಣ, ಬೇಡ ಅಂದವರಾರು? ಆದರೆ ಮುದ್ದೆ ಉಣ್ಣುವವರೆಲ್ಲಾ ಮುದ್ದೆ ತೊಳಸುವುದನ್ನೂ ಕಲಿತರೆ ಏನು ನಷ್ಟ?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನೂ ದೊಡ್ಡವರು ಹೇಳುತ್ತಾರೆ. ಇದ್ದುದರಲ್ಲಿ ಸಂತೋಷ ಪಡು ಅಂತ. ಒಳ್ಳೆಯ ಗಾದೆಯೇ. ಸಾಲ ಮಾಡಬೇಡ, ಆಡಂಬರ ಮಾಡಬೇಡ ಎಂದು ಅದರ ಅರ್ಥ. ಆದರೆ ಒಂದೇ ಹಾಸಿಗೆಯಲ್ಲಿ ಒಬ್ಬರು ಅಡ್ಡಡ್ಡ ಮಲಗಿ, ಇನ್ನೊಬ್ಬರನ್ನು ಮೂಲೆಗೆ ಒತ್ತಿ, ‘ಇದ್ದಷ್ಟು ಚಾಚು’ ಎಂದರೆ ಅದು ನ್ಯಾಯವಲ್ಲ. ಸಣ್ಣ ಖುಷಿಯ ಮಾತನ್ನು ಯಾರ ಬಾಯಿ ಮುಚ್ಚಿಸುವುದಕ್ಕೂ ಬಳಸಬಾರದು. ನಲ್ಲಿಯಲ್ಲಿ ನೀರು, ಶಾಲೆಯಲ್ಲಿ ಶೌಚಾಲಯ, ಓದಲು ಪುಸ್ತಕ, ಇವನ್ನೆಲ್ಲಾ ಕೇಳುತ್ತಲೇ ಇರಬೇಕು. ಕೇಳುತ್ತಾ ಇರುವಾಗಲೇ ಹುಣಸೆ ಚಿಗುರನ್ನೂ ಚೀಪಬೇಕು. ಎರಡೂ ಒಟ್ಟಿಗೆ ಆಗುತ್ತದೆ.

ಮೊಬೈಲ್ ಇದೆಯಲ್ಲ, ಇನ್ನು ಚೌಕಾಬಾರ ಏಕೆ ಎಂದು ಕೇಳುವವರಿಗೆ ಒಂದು ಮಾತು. ಮೊಬೈಲ್ ನನಗೂ ಇಷ್ಟವೇ, ಸಿಕ್ಕರೆ ನಾನೂ ನೋಡುತ್ತೇನೆ. ಆದರೆ ನಮ್ಮ ಮನೆಯ ಒಂದೇ ಮೊಬೈಲ್ ಸಂಜೆ ಯಾರ ಕೈಯಲ್ಲಿರುತ್ತದೆ ನೋಡಿ, ಅಲ್ಲೂ ಹೊತ್ತಿನ ಪ್ರಶ್ನೆಯೇ ಬರುತ್ತದೆ. ಅವ್ವನಿಗೆ ಮಾತ್ರ ರೇಡಿಯೋನೇ ಇಷ್ಟ, ಏಕೆಂದರೆ ಕೈ ಕೆಲಸದಲ್ಲಿದ್ದರೂ ಕಿವಿಗೆ ಬಿಡುವಿರುತ್ತದೆ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದರು, ಅದಕ್ಕೆ ಆಕಾಶವಾಣಿ ಎಂದು ಹೆಸರಾಯಿತು ಅಂತ ಓದಿದ್ದೇನೆ. ಅಡುಗೆ ಮನೆಯಲ್ಲಿ ನಿಂತೇ ಇರುವವರಿಗೆ ಅವರು ಎಷ್ಟು ಉಪಕಾರ ಮಾಡಿದರೋ ಅವರಿಗೇ ಗೊತ್ತಿರಲಿಕ್ಕಿಲ್ಲ!

ಬರೀ ಹೇಳಿ ಬಿಟ್ಟರೆ ಸಾಲದು, ಏನು ಮಾಡಬೇಕು ಎಂದೂ ಹೇಳಬೇಕು. ನನಗೆ ತೋಚಿದ್ದು ಮೂರು.

ಒಂದು, ಮನೆಯಲ್ಲಿ. ಅಣ್ಣತಮ್ಮಂದಿರು ದಿನಕ್ಕೆ ಒಂದೇ ಒಂದು ಕೆಲಸ ತಮ್ಮದೆಂದು ಒಪ್ಪಿಕೊಳ್ಳಲಿ. ಎರಡು ಕೊಡ ನೀರು ಅಥವಾ ರಾತ್ರಿಯ ಪಾತ್ರೆ. ‘ಸಹಾಯ ಮಾಡ್ತೀನಿ’ ಅನ್ನುವುದು ಬೇಡ, ‘ಇದು ನನ್ನ ಕೆಲಸ’ ಅನ್ನಲಿ. ಸಹಾಯ ಎಂದರೆ ನಾಳೆ ಮರೆತುಹೋಗುತ್ತದೆ.

ಎರಡು, ಶಾಲೆಯಲ್ಲಿ. ನಮ್ಮ ಮೈದಾನ ಒಂದೇ, ಬ್ಯಾಟೂ ಒಂದೇ. ಆಟದ ಪೀರಿಯಡ್ ಬಂದರೆ ಹುಡುಗಿಯರು ಗೋಡೆ ಪಕ್ಕ ಸಾಲಾಗಿ ಕೂರುತ್ತೇವೆ. ವಾರಕ್ಕೆ ಒಂದು ದಿನ, ಶನಿವಾರವಾದರೂ ಸರಿ, ಮೈದಾನ ಪೂರ್ತಿ ಹುಡುಗಿಯರಿಗೆ ಬಿಟ್ಟುಕೊಡಬೇಕೆಂದು ಗುರುಗಳಲ್ಲಿ ನಮ್ರತೆಯಿಂದ ಕೇಳಿಕೊಳ್ಳುತ್ತೇನೆ. ಖೋಖೋ ಆಡುತ್ತೇವೋ, ಕುಂಟೆಬಿಲ್ಲೆ ಆಡುತ್ತೇವೋ, ಸುಮ್ಮನೆ ಓಡುತ್ತೇವೋ, ಅದು ನಮಗೆ ಬಿಟ್ಟದ್ದು. ಮನೆಯಲ್ಲಿ ಹೊತ್ತು ಸಿಗದವರಿಗೆ ಶಾಲೆಯ ಹೊತ್ತೇ ಹೊತ್ತು. ಅದನ್ನೂ ಗೋಡೆ ಪಕ್ಕ ಕೂತು ಕಳೆಯಬಾರದು.

ಮೂರು, ಪತ್ರಿಕೆಯಲ್ಲಿ. ಮುಂದಿನ ಸಂಚಿಕೆಗೆ ನಾವ್ಯಾರೂ ನಮ್ಮ ಖುಷಿ ಬರೆಯುವುದು ಬೇಡ. ಮನೆಯಲ್ಲಿ ಅವ್ವನನ್ನೋ ಅಜ್ಜಿಯನ್ನೋ ಚಿಕ್ಕವ್ವನನ್ನೋ ಕೇಳಿ ಅವರದನ್ನು ಬರೆದು ತರೋಣ. ಮೊದಲ ಸಲ ಕೇಳಿದಾಗ ನಿಮ್ಮ ಹೆಸರನ್ನೇ ಹೇಳುತ್ತಾರೆ. ಬಿಡಬೇಡಿ, ಮತ್ತೆ ಕೇಳಿ. ಎರಡನೇ ಸಲ ಸಿಗುವ ಉತ್ತರವೇ ನಿಜವಾದ ಉತ್ತರ.

ಆ ಉತ್ತರಗಳನ್ನೂ ನಾನೇ ದುಂಡಗೆ ಬರೆದುಕೊಡಲು ಸಿದ್ಧ. ನನ್ನ ಮಾತು ಒಪ್ಪದವರು ಮುಖ ಊದಿಸಿಕೊಳ್ಳದೆ, ಇದೇ ಜಾಗದಲ್ಲಿ ತಮ್ಮ ಅಭಿಪ್ರಾಯ ಬರೆದು ಅಂಟಿಸಲಿ. ಅದನ್ನೂ ಆಸೆಯಿಂದ ಓದುತ್ತೇನೆ. ಹೊತ್ತು ಸಿಕ್ಕರೆ!

ಇತಿ ನಿಮ್ಮ ಸಹಪಾಠಿ,
ಏಳನೇ ತರಗತಿ